ಸೀಳುನಾಯಿಗೊಂದು ಬಿಲ್ಲು, ಕರಡಿಗೊಂದು ಬಿಲ್ಲು

ನಾಗರಹೊಳೆಯಲ್ಲಿ ಸಫಾರಿ ಜೀಪು ಹತ್ತಿದವರಿಗೆ ಅದೃಷ್ಟ ಚೆನ್ನಾಗಿದ್ದರೆ ಹುಲಿ, ಸೀಳುನಾಯಿ, ಕರಡಿ ಮೂರೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ. ನಾವೇ ಝೂ ಕಟ್ಟಿ ನಡೆಸುವ ‘ಪ್ಲಾನೆಟ್ ಝೂ’ ಎಂಬ ಕಂಪ್ಯೂಟರ್ ಗೇಮಿನಲ್ಲಿ ಅದೃಷ್ಟಕ್ಕೆ ಕೆಲಸವಿಲ್ಲ, ಕಾರ್ಡಿಗೆ ಇದೆ. ಬಂಗಾಳದ ಹುಲಿ ಮೂಲ ಗೇಮಿನ ಜೊತೆಗೇ ಬರುತ್ತದೆ. ಸೀಳುನಾಯಿ ಬೇಕೆಂದರೆ ಬೇರೆ ದುಡ್ಡಿಗೆ ಮಾರುವ ‘ಆಗ್ನೇಯ ಏಷ್ಯಾ’ ಪ್ಯಾಕ್ ತಗೊಳ್ಳಬೇಕು. ಕರಡಿ, ಅಂದರೆ ದರೋಜಿಯಲ್ಲಿ ಬಂಡೆಗೆ ಬಳಿದ ಸಿಹಿ ನೆಕ್ಕಲು ಸಂಜೆ ಇಳಿದು ಬರುತ್ತದಲ್ಲ, ಅದೇ ಜಾತಿಯ ಕರಡಿ, ‘ಯುರೇಷಿಯಾ’ ಪ್ಯಾಕಿನಲ್ಲಿದೆ. ಒಂದೇ ಕಾಡಿನ ಅಕ್ಕಪಕ್ಕದ ಮನೆಯವರಿಗೆ ಎರಡು ವಿಳಾಸ, ಎರಡು ಬಿಲ್ಲು.

ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಕಂಪನಿಯವರು ಈ ಗೇಮನ್ನು 2019ರ ನವೆಂಬರ್ 5ರಂದು ಬಿಟ್ಟರು. ಡಿಸೆಂಬರ್ ಕಳೆಯುವ ಮೊದಲೇ ‘ಆರ್ಕ್ಟಿಕ್’ ಪ್ಯಾಕ್ ಬಂತು. ಆಮೇಲೆ 2020ರಲ್ಲಿ ಮೂರು, ಅಲ್ಲಿಂದ ಮುಂದೆ ವರ್ಷಕ್ಕೆ ನಾಲ್ಕರ ಲೆಕ್ಕದಲ್ಲಿ 2023ರ ಕೊನೆಗೆ 16 ಪ್ಯಾಕ್ ಆದವು. ಅಮೆರಿಕದ ಬೆಲೆಯಲ್ಲಿ ಒಂದಕ್ಕೆ 9.99 ಡಾಲರ್. ಒಂದೊಂದಾಗಿ ನೋಡಿದರೆ ‘ಒಂದು ಪಿಜ್ಜಾ ದುಡ್ಡು, ಹೋಗಲಿ’ ಅನ್ನಿಸುತ್ತದೆ. ಹದಿನಾರು ಪಿಜ್ಜಾ ಯಾರೂ ಒಟ್ಟಿಗೆ ತರಿಸುವುದಿಲ್ಲ, ಹದಿನಾರು ಪ್ಯಾಕ್ ಮಾತ್ರ ಸೇಲ್ ದಿನ ರಾತ್ರಿ ಹನ್ನೊಂದಕ್ಕೆ ಬುಟ್ಟಿಗೆ ಬಿದ್ದಿರುತ್ತವೆ.

ಬುಟ್ಟಿಗೆ ಹಾಕುವ ಮೊದಲು ಹೆಸರಿನಲ್ಲಿ ‘ಅನಿಮಲ್’ ಅನ್ನುವ ಪದ ಇದೆಯೋ ಇಲ್ಲವೋ ನೋಡಿ. ಅರ್ಧ ಜನ ಎಡವುವುದು ಇಲ್ಲೇ. ಈ ಹದಿನಾರರಲ್ಲಿ ‘ಅನಿಮಲ್ ಪ್ಯಾಕ್’ ಎಂದಿದ್ದರೆ ಎಂಟು ಪ್ರಾಣಿ: ಏಳಕ್ಕೆ ಬೇಲಿ ಹಾಕಿದ ಆವರಣ ಬೇಕು, ಒಂದು ಗಾಜಿನ ಪೆಟ್ಟಿಗೆಯಲ್ಲೋ ಜನ ಒಳಗೇ ನಡೆದು ನೋಡುವ ಮನೆಯಲ್ಲೋ ಇರುತ್ತದೆ. ಬರೀ ‘ಪ್ಯಾಕ್’ ಎಂದಿದ್ದರೆ ನಾಲ್ಕು ಪ್ರಾಣಿ, ಪೆಟ್ಟಿಗೆಯದೊಂದು, ಜೊತೆಗೆ ಗೋಡೆ, ಮಾಡು, ಕಂಬ, ಗಿಡ ಎಂದು ರಾಶಿ ಕಟ್ಟಡದ ತುಣುಕು. ಆರ್ಕ್ಟಿಕ್‌ನಲ್ಲಿ ಪೆಟ್ಟಿಗೆಯ ಪ್ರಾಣಿಯೂ ಇಲ್ಲ, ಹಿಮಕರಡಿ, ಹಿಮಸಾರಂಗ, ಆರ್ಕ್ಟಿಕ್ ತೋಳ, ಡಾಲ್ ಕುರಿ, ಅಷ್ಟೇ. ಪ್ರಾಣಿಯ ಆಸೆಗೆ ತುಣುಕಿನ ಪ್ಯಾಕ್ ತಂದವರು ‘ಬರೀ ನಾಲ್ಕಾ?’ ಅನ್ನುತ್ತಾರೆ. ಕಟ್ಟುವ ಆಸೆಗೆ ಅನಿಮಲ್ ಪ್ಯಾಕ್ ತಂದವರು ಹೊಸ ಇಟ್ಟಿಗೆ ಹುಡುಕಿ ಹುಡುಕಿ ಕೊನೆಗೆ ಹಳೇ ಇಟ್ಟಿಗೆಯಲ್ಲೇ ಮನೆ ಕಟ್ಟುತ್ತಾರೆ.

ತಾವು ಯಾವ ಜಾತಿಯ ಆಟಗಾರರು ಎಂದು ತಿಳಿಯುವುದು ಸುಲಭ. ಈಗಾಗಲೇ ಕಟ್ಟಿದ ಝೂ ತೆರೆದು ನೋಡಿ. ಜಿರಾಫೆಯ ಆವರಣ ಚೌಕಾಕಾರ, ಸುತ್ತ ತಂತಿಬೇಲಿ, ಒಳಗೆ ಎರಡು ಮರ, ಆದರೆ ಒಂದೊಂದು ಮರಿಗೂ ಹೆಸರಿಟ್ಟಿದ್ದರೆ ನಿಮಗೆ ಬೇಕಾದದ್ದು ಅನಿಮಲ್ ಪ್ಯಾಕ್. ಪ್ರಾಣಿ ಒಂದೂ ಇಲ್ಲ, ಮೂರು ದಿನದಿಂದ ಚಹಾದಂಗಡಿಯ ಮಾಡಿಗೆ ಹೆಂಚು ಕೂರಿಸುತ್ತಿದ್ದೀರಿ ಎಂದಾದರೆ ತುಣುಕಿನ ಪ್ಯಾಕ್. ಮೈಸೂರು ಝೂ ಕಟ್ಟಿ ನೆಂಟರಿಗೆ ತೋರಿಸುವ ಹುಮ್ಮಸ್ಸಿದ್ದವರು ಸದ್ಯಕ್ಕೆ ಏನೂ ಕೊಳ್ಳಬೇಕಿಲ್ಲ. 1892ರ ಆ ಝೂನ ಹೆಸರಾಂತ ನಿವಾಸಿಗಳಾದ ಜಿರಾಫೆ, ಆನೆ, ಹುಲಿ, ಗೊರಿಲ್ಲಾ, ನವಿಲು ಎಲ್ಲವೂ ಮೂಲ ಗೇಮಿನಲ್ಲೇ ಇವೆ.

ನವಿಲೆಂದಾಗ ನೆನಪಾಯಿತು. ಮೂಲ ಗೇಮಿನ ನವಿಲೂ ವಾರ್ಟ್‌ಹಾಗ್ ಎಂಬ ಕೋರೆಹಂದಿಯೂ ಸಂತಾನದ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಪೆಂಗ್ವಿನ್‌ಗೆಂದು ಗುಂಡಿ ತೋಡುತ್ತ ಅತ್ತ ತಿರುಗಿದಿರೋ, ಇತ್ತ ಎರಡು ನವಿಲು ಇದ್ದಲ್ಲಿ ಒಂದು ಮದುವೆ ದಿಬ್ಬಣ ನಿಂತಿರುತ್ತದೆ. ಜಾಗ ಸಾಲದೆ ಒದ್ದಾಟ, ಅಣ್ಣ ತಂಗಿಯರ ನಡುವೆಯೇ ಮರಿ, ಪ್ರಾಣಿಗಳ ನೆಮ್ಮದಿಯ ಅಂಕ ಕೆಳಗೆ, ಗೇಟಿನಲ್ಲಿ ಫಲಕ ಹಿಡಿದ ಪ್ರತಿಭಟನಾಕಾರರು. ಪ್ರಾಣಿಯ ಮೇಲೆ ಕ್ಲಿಕ್ ಮಾಡಿದರೆ ಬರುವ ಮಾಹಿತಿಯಲ್ಲೇ ಸಂತಾನನಿಯಂತ್ರಣದ ಗುಂಡಿ ಇದೆ. ಹೊಸ ಪ್ಯಾಕ್ ತರುವ ಮೊದಲು ಅದನ್ನೊಮ್ಮೆ ಒತ್ತಿ ಬನ್ನಿ.

ಎರಡನೇ ಎಡವಟ್ಟು ಪೋಸ್ಟರ್ ನೋಡಿ ಮರುಳಾಗುವುದು. ‘ಆಸ್ಟ್ರೇಲಿಯಾ’ ಪ್ಯಾಕಿನ ಕೋಲಾ ನೋಡಿ ಮನೆಯ ಮಕ್ಕಳು ಕುಣಿಯುತ್ತಾರೆ. ನಿಜಜೀವನದಲ್ಲಿ ದಿನಕ್ಕೆ 20 ಗಂಟೆಯವರೆಗೂ ಮಲಗಬಲ್ಲ ಪ್ರಾಣಿ ಅದು. ಕಂಪ್ಯೂಟರಿನ ಪರದೆ ಮೇಲೆ ಓಡಾಡಿ ಮನರಂಜನೆ ಕೊಡಲಿ ಎಂದು ನಿರೀಕ್ಷಿಸುವುದು ಊಟದ ಮೇಲೆ ದೊಡ್ಡಪ್ಪನನ್ನು ಕುಣಿ ಎಂದ ಹಾಗೆ. ದುಡ್ಡು ವಸೂಲಿ ಮಾಡುವುದು ಅದೇ ಪ್ಯಾಕಿನ ಕಾಂಗರೂ ಮತ್ತು ಕ್ಯಾಸೋವರಿ ಹಕ್ಕಿ. ‘ಟ್ವಿಲೈಟ್’ ಪ್ಯಾಕಿನಲ್ಲಿ ವೊಂಬ್ಯಾಟ್ ಇದೆ, ಲೋಕದಲ್ಲಿ ಮೈಸೂರುಪಾಕಿನ ಆಕಾರಕ್ಕೆ ಲದ್ದಿ ಹಾಕುವುದಕ್ಕೆ ಹೆಸರಾದ ಪ್ರಾಣಿ. (ಗೇಮಿನಲ್ಲಿ ಲದ್ದಿ ಯಾವ ಆಕಾರದ್ದಾದರೂ ಕೀಪರ್ ಗುಡಿಸದಿದ್ದರೆ ರೋಗ ಬರುವುದು ಒಂದೇ.)

ಪ್ಯಾಕಿನ ಬೆಲೆಯಲ್ಲಿ ಕಾಣದ ಖರ್ಚು ಬೇರೆಯೇ ಇದೆ. ಉಷ್ಣವಲಯದ ನಕ್ಷೆ ಆರಿಸಿ ಝೂ ಕಟ್ಟಿದವರು ಹಿಮಕರಡಿ ತಂದರೆ ಆವರಣದ ತುಂಬ ಕೂಲರ್ ನಿಲ್ಲಿಸಬೇಕು. ಒಂದು ಕೂಲರ್‌ನ ತಂಪು ತನ್ನ ಸುತ್ತಳತೆಯಷ್ಟಕ್ಕೇ, ಆದ್ದರಿಂದ ಹಲವು ಬೇಕು. ಪ್ರತಿಯೊಂದಕ್ಕೂ ಟ್ರಾನ್ಸ್‌ಫಾರ್ಮರ್ ವ್ಯಾಪ್ತಿಯ ಕರೆಂಟು ಬೇಕು. ಹೀಗೆ ಚಿತ್ರದುರ್ಗದ ಬಿಸಿಲಲ್ಲಿ ಐಸ್‌ಕ್ಯಾಂಡಿ ಕಾರ್ಖಾನೆ ತೆರೆದಂತಾಗುತ್ತದೆ. ‘ದಕ್ಷಿಣ ಅಮೆರಿಕ’ ಪ್ಯಾಕಿನ ಕಪುಚಿನ್ ಕೋತಿಗೆ ಬೇಲಿ ಎಷ್ಟು ಎತ್ತರವಿದ್ದರೂ ಸಾಲದು, ಬೇಲಿಯ ಆಯ್ಕೆಗಳಲ್ಲಿ ‘ಹತ್ತಲಾಗದ’ ಎಂಬುದನ್ನು ಆನ್ ಮಾಡಿರಬೇಕು. ಅದನ್ನು ಮಾಡಿದ ಮೇಲೂ ಹತ್ತಿ ಆಡಲಿ ಎಂದು ಬೇಲಿಯ ಪಕ್ಕ ಒಂದು ಹತ್ತುವ ಚೌಕಟ್ಟು ಇಟ್ಟಿರುತ್ತೀರಿ. ಕೋತಿಗೆ ಅದು ಆಟಿಕೆಯಲ್ಲ, ಏಣಿ. ಮುಂದಿನ ದೃಶ್ಯದಲ್ಲಿ ಕೋತಿ ಬರ್ಗರ್ ಅಂಗಡಿಯ ಹತ್ತಿರ, ಜನ ಚೆಲ್ಲಾಪಿಲ್ಲಿ.

ಇಷ್ಟರಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಒಂದೇ ಒಂದು ಕೊಳ್ಳುವುದಾದರೆ ಯಾವುದು? 2020ರ ಡಿಸೆಂಬರಿನ ‘ಅಕ್ವಾಟಿಕ್’. ಬೂದು ಸೀಲ್, ದೈತ್ಯ ನೀರುನಾಯಿ, ಕುಳ್ಳ ಕೇಮನ್ ಮೊಸಳೆ, ರಾಜ ಪೆಂಗ್ವಿನ್, ಪೆಟ್ಟಿಗೆಯಲ್ಲೊಂದು ಆಮೆ. ಪ್ರಾಣಿ ನೀರಿನಾಳಕ್ಕೆ ಮುಳುಗಿ ಈಜುವುದು ಗೇಮಿಗೆ ಬಂದದ್ದೇ ಆ ಹೊತ್ತಿಗೆ. ನೀರಡಿಯ ಗಿಡಗಳ ತುಣುಕುಗಳು ಬೇರೆ ಪ್ಯಾಕಿನ ಪ್ರಾಣಿಗಳ ಕೊಳಕ್ಕೂ ದಿನಾ ಬಳಕೆಯಾಗುತ್ತವೆ. ಅದರ ಜೊತೆಗೊಂದು ಅನಿಮಲ್ ಪ್ಯಾಕ್ ಬೇಕೆಂದರೆ ‘ವೆಟ್‌ಲ್ಯಾಂಡ್ಸ್’. ಕ್ಯಾಪಿಬಾರಾ, ಪ್ಲಾಟಿಪಸ್, ಪುಟ್ಟ ನೀರುನಾಯಿ ಇರುವ ಪ್ಯಾಕಿನಲ್ಲಿ ಕಾಡು ನೀರೆಮ್ಮೆಯೂ ಇದೆ ಎಂದು ಕೆಲವರು ಮೂಗು ಮುರಿಯುತ್ತಾರೆ, ದುಡ್ಡು ಕೊಟ್ಟು ಎಮ್ಮೆ ನೋಡಬೇಕಾ ಎಂದು. ಆದರೆ ಕೆಸರಿನಲ್ಲಿ ನಿಂತ ಎಮ್ಮೆಯಷ್ಟು ನೆಮ್ಮದಿಯ ದೃಶ್ಯ ಆ ಗೇಮಿನಲ್ಲಿ ಇನ್ನೊಂದಿಲ್ಲ. ಆರ್ಕ್ಟಿಕ್ ಕೊನೆಗಿರಲಿ. ಅದರ ತುಣುಕುಗಳು ಚಳಿಪ್ರದೇಶದ ಝೂಗೆ ಬಿಟ್ಟರೆ ಬೇರೆಡೆ ಒಗ್ಗುವುದು ಕಷ್ಟ.

ಇನ್ನೊಬ್ಬರು ಕಟ್ಟಿದ ಕಟ್ಟಡಗಳ ನಕ್ಷೆಗಳನ್ನು, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ವರ್ಕ್‌ಶಾಪಿನಿಂದ ಪುಕ್ಕಟೆ ಇಳಿಸಿಕೊಳ್ಳುವವರು ಒಂದು ವಿಷಯ ಗಮನಿಸಬೇಕು. ನಕ್ಷೆಯಲ್ಲಿ ಬಳಸಿದ ಪ್ಯಾಕ್ ನಿಮ್ಮಲ್ಲಿಲ್ಲದಿದ್ದರೆ ಕಟ್ಟಡ ಪೂರ್ತಿ ಏಳುವುದಿಲ್ಲ. ಚಿತ್ರದಲ್ಲಿ ಅರಮನೆ, ನಿಮ್ಮ ಝೂನಲ್ಲಿ ಸೆಂಟ್ರಿಂಗ್ ಕಳಚಿದ ಮನೆ. ಹೀಗಾಗಿ ನಿಮಗೆ ಇಷ್ಟವಾದ ಹತ್ತು ನಕ್ಷೆಗಳಲ್ಲಿ ಮತ್ತೆ ಮತ್ತೆ ಯಾವ ಪ್ಯಾಕ್ ಕೇಳುತ್ತಿದೆ ಎಂದು ಎಣಿಸಿದರೆ ಮುಂದಿನದು ಯಾವುದು ಕೊಳ್ಳಬೇಕೆಂದು ಅದೇ ಹೇಳುತ್ತದೆ.

ದರದ ಮಾತು ಬೇಗ ಮುಗಿಸೋಣ. ಜೂನ್ ಕೊನೆಯ ಬೇಸಿಗೆ ಸೇಲ್, ಡಿಸೆಂಬರ್ ಕೊನೆಯ ಚಳಿಗಾಲದ ಸೇಲ್, ಈ ಎರಡು ಹೊತ್ತು ಬಿಟ್ಟು ಪೂರ್ತಿ ಬೆಲೆಗೆ ಕೊಳ್ಳುವ ಅವಸರ ಬೇಡ. ಸ್ಟೀಮಿನ ಬಂಡಲ್ಲಿನಲ್ಲಿ ನಿಮ್ಮ ಹತ್ತಿರ ಈಗಾಗಲೇ ಇರುವುದಕ್ಕೆ ಮತ್ತೆ ದುಡ್ಡು ಹಿಡಿಯುವುದಿಲ್ಲ, ಉಳಿದದ್ದಕ್ಕೆ ಮಾತ್ರ. ಪಿಸಿಯಲ್ಲಿ ಕೊಂಡ ಪ್ಯಾಕ್ ಕನ್ಸೋಲಿಗೆ ಬರುವುದಿಲ್ಲ. ಹಿಡಿಸದಿದ್ದರೆ ಕೊಂಡ 14 ದಿನದೊಳಗೆ ವಾಪಸ್ ಕೇಳಬಹುದು, ಆದರೆ ಪ್ಯಾಕ್ ಕೊಂಡ ಮೇಲೆ ಗೇಮ್ ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು.

ಎರಡು ಗಂಟೆ ಧಾರಾಳ ಎಂದುಕೊಳ್ಳುತ್ತೀರಿ. ಪೆಂಗ್ವಿನ್ ಕೊಳ ಕಟ್ಟಲು ಕೂರಿ, ಗೊತ್ತಾಗುತ್ತದೆ. ಮೊದಲು ನೆಲದ ಸಾಧನದಿಂದ ಗುಂಡಿ ತೋಡಬೇಕು. ಅಂಚಿಗೆ ಗಾಜಿನ ಬೇಲಿ. ಗುಂಡಿಯ ಮೇಲೆ ಕ್ಲಿಕ್ ಮಾಡಿದರೆ ನೀರು ತುಂಬಬೇಕು, ತುಂಬುವುದಿಲ್ಲ. ಯಾಕೆಂದರೆ ಹಿಂಬದಿಯ ಒಂದು ಕಡೆ ತಂತಿಬೇಲಿ ಉಳಿದಿದೆ, ತಂತಿ ನೀರು ಹಿಡಿಯುವುದಿಲ್ಲ. ಅದನ್ನೂ ಗಾಜು ಮಾಡುತ್ತೀರಿ. ಈಗಲೂ ನೀರಿಲ್ಲ, ಮೂಲೆಯಲ್ಲಿ ನೆಲ ಒಂದು ಗೇಣು ತಗ್ಗು. ಅದನ್ನು ಎತ್ತಿದ ಮೇಲೆ ನೀರು ನಿಂತಿತು. ನೋಡುನೋಡುತ್ತಲೇ ಹಸಿರು ತಿರುಗಿತು, ಶುದ್ಧೀಕರಣ ಘಟಕ ಮರೆತಿದ್ದೀರಿ. ಘಟಕ ತಂದು ಕೂರಿಸಿದರೆ ಅದಕ್ಕೆ ಕರೆಂಟಿಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದು ಜನರ ಕಣ್ಣಿಗೆ ಬಿದ್ದು ಅವರ ಮುಖ ಸೊಟ್ಟ, ಸುತ್ತ ಗೋಡೆ. ಕೊನೆಗೆ ಪ್ರಾಣಿ ಎಲ್ಲೆಲ್ಲಿ ಓಡಾಡಬಲ್ಲದು ಎಂದು ತೋರಿಸುವ ಬಣ್ಣದ ನಕ್ಷೆ ತೆರೆದರೆ ಕೊಳದ ಭಾಗಕ್ಕೆ ಬಣ್ಣವೇ ಬಂದಿಲ್ಲ. ಅಂಚು ಬಾವಿಕಟ್ಟೆಯಂತೆ ನೆಟ್ಟಗಿದೆ, ಇಳಿಯಲು ಇಳಿಜಾರಿಲ್ಲ. ಇಳಿಜಾರು ತೀಡಲು ಹೋದರೆ ನೀರಿರುವ ಕಡೆ ನೆಲ ಮುಟ್ಟಲು ಗೇಮ್ ಬಿಡುವುದಿಲ್ಲ. ನೀರು ತೆಗೆದು, ಇಳಿಜಾರು ಮಾಡಿ, ಮತ್ತೆ ಕ್ಲಿಕ್.

ಗಡಿಯಾರ ನೋಡಿದರೆ ಎರಡು ಗಂಟೆ ಹನ್ನೆರಡು ನಿಮಿಷ. ಪೆಂಗ್ವಿನ್ ಇನ್ನೂ ಕೊಂಡ ಪ್ರಾಣಿ ಬಂದಿಳಿಯುವ ಟ್ರೇಡ್ ಸೆಂಟರಿನಲ್ಲಿ ಪೆಟ್ಟಿಗೆಯೊಳಗೇ ಕೂತಿದೆ.