ಹೆಸರೊಂದೇ, ಒಡಲು ಬೇರೆ

ಇ-ರೀಡರ್ ಕೊಳ್ಳುವವರು ಪರದೆಯ ಅಳತೆ ನೋಡುತ್ತಾರೆ, ಬೆಲೆ ನೋಡುತ್ತಾರೆ. ಒಳಗಿನ ಸರ್ಕ್ಯೂಟ್ ಬೋರ್ಡಿನ ರಿವಿಜನ್ (ಪರಿಷ್ಕೃತ ಆವೃತ್ತಿ) ಯಾವುದೆಂದು ವಿಚಾರಿಸುವವರು ಅದಕ್ಕೆ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಹೊರಟ ನನ್ನಂಥವರು ಮಾತ್ರ. ನನ್ನ ಸೆಕೆಂಡ್ ಹ್ಯಾಂಡ್ ಇ-ರೀಡರಿನ ಮೂಲ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಗೆಳೆಯನ ಬಳಿಯಿದ್ದ ಅದೇ ಮಾದರಿಯ ಯಂತ್ರದಲ್ಲಿ ಲಿನಕ್ಸ್ ಆಧಾರಿತ ಬದಲಿ ವ್ಯವಸ್ಥೆ ಸೊಗಸಾಗಿ ನಡೆಯುತ್ತಿದ್ದುದನ್ನು ಕಂಡು, ನಾನೂ ಅದನ್ನೇ ಹಾಕಿಕೊಂಡೆ.

ನನ್ನದರಲ್ಲೂ ಅದು ನಡೆಯಿತು, ಆದರೆ ಕನ್ನಡಿಯೊಳಗಿನಂತೆ. ಎಡಕ್ಕೆ ಮುಟ್ಟಿದರೆ ಬಲಕ್ಕೆ ಮುಟ್ಟಿದೆನೆಂದು ಅದು ತಿಳಿಯುತ್ತಿತ್ತು. ಬಲಮೂಲೆಯ ‘ಸರಿ’ ಗುಂಡಿಯನ್ನು ಒತ್ತಬೇಕೆಂದರೆ ಎಡಮೂಲೆಯ ಖಾಲಿ ಜಾಗವನ್ನು ಒತ್ತಬೇಕಿತ್ತು. ಹಿಂದಿನ ಪುಟಕ್ಕೆಂದು ಎಡಕ್ಕೆ ಒತ್ತಿ ಪತ್ತೇದಾರಿ ಕಾದಂಬರಿಯ ಕೊಲೆಗಾರನನ್ನು ಅವಧಿಗೆ ಮುನ್ನವೇ ಭೇಟಿಯಾದ ನನ್ನನ್ನು ಗಮನಿಸಿದ ಹೆಂಡತಿ, “ಉರ್ದು ಪುಸ್ತಕ ಓದೋಕೆ ಅನುಕೂಲ ಆಯ್ತು ಬಿಡಿ” ಎಂದಳು.

ಹೆಸರು, ಕವಚ, ಪೆಟ್ಟಿಗೆ ಯಾವುದೂ ಬದಲಾಗದೆ ಸ್ಪರ್ಶಫಲಕದ ಭಾಗ ಮಾತ್ರ ಸದ್ದಿಲ್ಲದೆ ಬದಲಾಗಿತ್ತು. ಕಂಪ್ಯೂಟರಿಗೆ ಸಿಕ್ಕಿಸಿದ ಯುಎಸ್‌ಬಿ ಸಾಧನ ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಇ-ರೀಡರಿನ ಬೋರ್ಡಿನ ಮೇಲಿರುವ, ಐ2ಸಿ ಎಂಬ ಒಳಸಂಪರ್ಕದ ಚಿಪ್‌ಗಳಿಗೆ ಅಂತಹ ಸೌಜನ್ಯವಿಲ್ಲ. ಯಾವ ವಿಳಾಸದಲ್ಲಿ ಯಾವ ಚಿಪ್ ಇದೆಯೆಂಬುದನ್ನು ‘ಡಿವೈಸ್ ಟ್ರೀ’ ಎಂಬ ಕಡತದಲ್ಲಿ ಮೊದಲೇ ಬರೆದುಕೊಡಬೇಕು. ಬಾಡಿಗೆದಾರ ಬದಲಾದರೂ ಗೇಟಿನ ಮೇಲಿನ ಹಳೆಯ ಹೆಸರನ್ನೇ ನಂಬಿ ಪತ್ರ ಹಾಕಿಹೋಗುವ ಅಂಚೆಯವನಂತೆ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೂಡ ಆ ಕಡತವನ್ನೇ ನಂಬುತ್ತದೆ.

ಇದರ ತಿರುಗುಮುರುಗೂ ಉಂಟು. 2018ರಲ್ಲಿ ಬಂದ ಕೋಬೋ ಕ್ಲಾರಾ ಎಚ್‌ಡಿ ಮತ್ತು ಜರ್ಮನಿಯಲ್ಲಿ ಮಾರಾಟವಾದ ಟೋಲಿನೋ ಶೈನ್ 3 ಎಂಬ ಇ-ರೀಡರುಗಳು ಹೆಸರಿನಲ್ಲಿ ಅಪರಿಚಿತರಾದರೂ ಒಳಗೆ ದಾಯಾದಿಗಳು. ಲಿನಕ್ಸ್ ಕರ್ನಲ್‌ನಲ್ಲಿ ಇವೆರಡೂ ಇ60ಕೆ02 ಎಂಬ ಒಂದೇ ಬೋರ್ಡ್ ವಿವರಣೆಯನ್ನು ಹಂಚಿಕೊಂಡಿವೆ. ಆದರೂ ಪ್ರೊಸೆಸರ್ ಟೋಲಿನೋದಲ್ಲಿ ಐ.ಎಂಎಕ್ಸ್6ಎಸ್‌ಎಲ್, ಕೋಬೋದಲ್ಲಿ ಐ.ಎಂಎಕ್ಸ್6ಎಸ್‌ಎಲ್‌ಎಲ್, ಆ ಒಂದು ಹೆಚ್ಚಿನ ‘ಎಲ್’ಗಾಗಿ ಪ್ರತ್ಯೇಕ ಕಡತವೇ ಬೇಕಾಯಿತು.

ನನ್ನ ಯಂತ್ರದ ಸ್ಪರ್ಶದೋಷವನ್ನು ಸಂರಚನೆಯಲ್ಲಿ ಒಂದು ಸಾಲು ತಿದ್ದಿ ಸರಿಪಡಿಸಿದೆ. ಆಮೇಲೆ ಪರದೆಯ ಸರದಿ. ಇ-ಇಂಕ್ ಫಲಕಗಳಿಗೆ ವಿಕಾಮ್ ಎಂಬ ಋಣ ವೋಲ್ಟೇಜು ಒಂದೊಂದಕ್ಕೂ ಬೇರೆ ಇರುತ್ತದೆ. ಅದು ತಪ್ಪಿದರೆ ಹಿಂದಿನ ಪುಟ ಪೂರ್ತಿ ಅಳಿಯದೆ ಮಸುಕಾಗಿ ಉಳಿಯುತ್ತದೆ. ಹೀಗಾಗಿ ನಾಯಕಿಯ ಮದುವೆಯ ಪುಟದ ಹಿಂದೆ ಆಕೆಯ ತಂದೆಯ ತಿಥಿಯೂ ಕಾಣುತ್ತಿತ್ತು. ವಿದ್ಯುತ್ ಇಲ್ಲದಿದ್ದರೂ ಚಿತ್ರವನ್ನು ಉಳಿಸಿಕೊಳ್ಳುವುದು ಈ ಪರದೆಯ ಹೆಗ್ಗಳಿಕೆಯಾದ್ದರಿಂದ, ಯಂತ್ರ ನಿಂತುಹೋದದ್ದೂ ತಿಳಿಯದೆ ಒಂದೇ ಪುಟವನ್ನು ಶ್ರದ್ಧೆಯಿಂದ ಓದುತ್ತಿದ್ದದ್ದೂ ಉಂಟು.

ಈಗ ಹಳೆಯ ರಿವಿಜನ್ನಿನ ಯಂತ್ರವನ್ನೇ ಹುಡುಕುತ್ತಿದ್ದೇನೆ. ಮಾರಲಿಟ್ಟಿದ್ದ ಒಬ್ಬರಿಗೆ ಫೋನ್ ಮಾಡಿ, “ಸರ್, ನಿಮ್ಮದು ಯಾವ ರಿವಿಜನ್?” ಎಂದು ವಿನಯದಿಂದ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಕಪ್ಪು ಬಣ್ಣದ್ದು ಸಾರ್, ಕವರ್ ಫ್ರೀ ಕೊಡ್ತೀನಿ” ಎಂದರು.