ವಯಸ್ಸು 47, ಅವಿವಾಹಿತ

ನಮ್ಮ ಕುಮಟೆಯ ಹುಡುಗರು ಎಷ್ಟು ಒಳ್ಳೆಯವರು ಅಂತ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಅವರನ್ನು ಒಳ್ಳೆಯವರು ಮಾಡಿದ್ದೇ ನಾನು.

ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಜೊತೆಗೆ ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಯಕ್ಷಗಾನದ ಹ್ಯಾಂಡ್‌ಬಿಲ್, ಮತ್ತೆ ಬಯೋಡೇಟಾ. "ಅಣ್ಣಾ, ಒಂದು ಬಯೋಡೇಟಾ ಮಾಡ್ಕೊಡು" ಅಂತ ಬರುವ ಹುಡುಗ ಹೆಸರು, ಮೊಬೈಲ್ ನಂಬರ್ ಹೇಳಿ ಸುಮ್ಮನಾಗುತ್ತಾನೆ. ನಿನ್ನ ಬಲ ಎಂತದು ಅಂದರೆ ಹೊರಗೆ ನಿಲ್ಲಿಸಿದ ಬೈಕ್ ನೋಡುತ್ತಾನೆ. ಉಳಿದಿದ್ದನ್ನು ನಾನೇ ತುಂಬಬೇಕು. ಕಷ್ಟಪಟ್ಟು ದುಡಿಯುವವನು. ಬೇಗ ಕಲಿಯುವವನು. ಎಲ್ಲರ ಜೊತೆ ಹೊಂದಿಕೊಳ್ಳುವವನು. ದೌರ್ಬಲ್ಯ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ 'ಹಿಡಿದ ಕೆಲಸ ಮುಗಿಯದೆ ನಿದ್ದೆ ಬರುವುದಿಲ್ಲ'. ಇದನ್ನು ಟೈಪ್ ಮಾಡುವಾಗ ಎಷ್ಟೋ ಸಲ ಬಯೋಡೇಟಾದ ಮಾಲೀಕ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾನೆ. ಒಟ್ಟಿನಲ್ಲಿ ಒಂದೇ ಫೈಲು, ಹೆಸರು ಮಾತ್ರ ಬೇರೆ ಬೇರೆ.

ನಾನೇ ವಿದ್ಯಾರ್ಥಿಯಾಗಿದ್ದು ಮಗಳಿಂದ. ಅವಳ ಕಾಲೇಜಿನ ಅರ್ಜಿ ತುಂಬುತ್ತಿದ್ದೆ. 'ತಂದೆಯ ವಿದ್ಯಾರ್ಹತೆ' ಅಂತ ಒಂದು ಜಾಗ. ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ: ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ. ಅರ್ಧ ಪದವಿ ಅಂತ ಅದರಲ್ಲಿ ಇಲ್ಲ. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ನನ್ನ ಬಿ.ಎ. ನಿಂತಿದ್ದೂ ಅದೇ ವರ್ಷ. ಕರ್ಸರ್ ಪಿಯುಸಿಗೂ ಪದವಿಗೂ ನಡುವೆ ಎರಡು ಸಲ ಓಡಾಡಿತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಹೇಳಲಿಲ್ಲ ಅಂತಲೇ ಮರುವಾರ ದೂರಶಿಕ್ಷಣದ ಬಿ.ಎ.ಗೆ ಹೆಸರು ಹಚ್ಚಿದೆ.

"ನಿಮಗೆಂತ ಮಳ್ಳಾ?" ಅಂದಳು ಹೆಂಡತಿ. ಅಷ್ಟರಲ್ಲಿ ಫೀ ಕಟ್ಟಿ ಆಗಿತ್ತು.

ಮೊದಲ ಅಸೈನ್‌ಮೆಂಟಿನ ವಿಷಯ: 'ನಿಮ್ಮ ಸಾಮರ್ಥ್ಯ, ಗುರಿ ಮತ್ತು ಸಾಧನೆಗಳ ಕುರಿತು ಒಂದು ಪುಟದ ಸ್ವವಿವರ ಬರೆಯಿರಿ. ಟೈಪ್ ಮಾಡಿರಬೇಕು.' ನನಗೆ ನಗು ಬಂತು. ಅಡುಗೆ ಭಟ್ಟರಿಗೆ ಅನ್ನ ಮಾಡಿ ತೋರಿಸಿ ಅಂದ ಹಾಗಾಯಿತು. ಕೊನೇ ದಿನ ನೋಡಿದರಾಯಿತು ಅಂತ ಬಿಟ್ಟೆ.

ಕೊನೇ ದಿನ ಬಂತು. ಅಂಗಡಿ ಬಾಗಿಲು ಅರ್ಧ ಎಳೆದು ಖಾಲಿ ಪುಟ ತೆರೆದು ಕೂತೆ. 'ನನ್ನ ಬಲ' ಅಂತ ಒತ್ತಿದೆ. ಮುಂದೆ ಕೈ ಓಡಲಿಲ್ಲ. ಹೊರಗೆ ಬೈಕ್ ಇದೆಯಾ ಅಂತ ನೋಡಿದೆ. ಮನೆಗೆ ಫೋನ್ ಮಾಡಿ, "ನನ್ನ ಬಲ ಎಂತದೇ?" ಅಂತ ಕೇಳಿದೆ. ಜುಲೈ ತಿಂಗಳು, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಮನೆಯಲ್ಲಿ ಒಣ ಸೀಗಡಿ. ಅದು ಚರಚರ ಹುರಿಯುವ ಸದ್ದು ಫೋನಿನಲ್ಲಿ ಬಹಳ ಹೊತ್ತು ಕೇಳಿತು. "ನೆನಪು ಮಾಡ್ಕೊಂಡು ಆಮೇಲೆ ಹೇಳ್ತೆ" ಅಂದಳು.

ಆಗ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಶುರು ಮಾಡಿತು. ನನ್ನ ಹಳೇ ಯುಪಿಎಸ್ ಕೂಗಲು ಶುರು ಮಾಡಿದರೆ ಆಯುಷ್ಯ ಹತ್ತು ನಿಮಿಷ. ಮಧ್ಯಾಹ್ನ ಒಬ್ಬ ಹುಡುಗನಿಗೆ ಮಾಡಿಕೊಟ್ಟ ಬಯೋಡೇಟಾ ಇನ್ನೂ ಕೆಳಗೆ ತೆರೆದೇ ಇತ್ತು. ಅದನ್ನೇ ಎತ್ತಿದೆ. ಹೆಸರು ಬದಲಿಸಿದೆ, ವಯಸ್ಸು ಬದಲಿಸಿದೆ, ಕಂಟ್ರೋಲ್ ಎಸ್ ಒತ್ತಿದೆ. ಮಳೆಗಾಲದ ಕುಮಟೆಯಲ್ಲಿ ಅಂಗಡಿ ಇಟ್ಟವನ ಬೆರಳಿಗೆ ಕಂಟ್ರೋಲ್ ಎಸ್ ಅಂದರೆ ಉಸಿರಾಡಿದ ಹಾಗೆ, ತಾನಾಗಿ ಆಗುತ್ತದೆ. ಪ್ರಿಂಟ್ ಹೊರಗೆ ಬೀಳುವುದಕ್ಕೂ ಯುಪಿಎಸ್ ಪ್ರಾಣ ಬಿಡುವುದಕ್ಕೂ ಸರಿಹೋಯಿತು.

ಬೆಳಿಗ್ಗೆ ಕಾರವಾರದಲ್ಲಿ ಕ್ಲಾಸು. ಅಂಕೋಲಾ ದಾಟಿ ಅರ್ಗಾ ಹತ್ತಿರ ನೌಕಾನೆಲೆಯ ಉದ್ದದ ಗೋಡೆ ಬಂತು. ಕಿಟಕಿಯಿಂದ ಸುಮ್ನೆ ನೋಡಿದೆ. ನನಗೂ ಅದಕ್ಕೂ ಸಂಬಂಧ ಇದೆ ಅಂತ ಆಗ ಗೊತ್ತಿರಲಿಲ್ಲ.

ಹೋದ ತಕ್ಷಣ ಆಧಾರ್ ಝೆರಾಕ್ಸ್ ಕೇಳಿದರು. ಇಪ್ಪತ್ತೇಳು ವರ್ಷದಲ್ಲಿ ಊರಿನವರದ್ದೆಲ್ಲ ಝೆರಾಕ್ಸ್ ಮಾಡಿದವನ ಹತ್ತಿರ ತನ್ನದು ಒಂದೂ ಇಲ್ಲ! ಎದುರಿನ ಅಂಗಡಿಗೆ ಓಡಿದೆ. ನಾನು ಎರಡು ರೂಪಾಯಿಗೆ ಮಾಡುವುದಕ್ಕೆ ಅವನು ಐದು ತಗೊಂಡ. ಮೇಲಿಂದ ಮಸುಕು. "ಡ್ರಮ್ ಬದಲಿಸು ಮಾರಾಯಾ" ಅಂದೆ. ಅವನು ನನ್ನನ್ನು ನೋಡಿದ ಹಾಗೆ ನನ್ನ ಗಿರಾಕಿಗಳೂ ಯಾವತ್ತೂ ನೋಡಿಲ್ಲ.

ಪಾಠ ಮಾಡುವ ಮೇಡಂ ನನ್ನ ಅರ್ಧ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಎಲ್ಲೋ ನೋಡಿದ ಮುಖ. ಎಲ್ಲರೂ ಎದ್ದು ತಮ್ಮ ತಮ್ಮದು ಓದಬೇಕು ಅಂದರು. ಒಬ್ಬ ಅಂಗನವಾಡಿ ಅಕ್ಕ ಓದಿದರು, ಒಬ್ಬ ಕಂಡಕ್ಟರ್ ಓದಿದ. ಆಮೇಲೆ ನಾನು. ಟೈಪ್ ಮಾಡಿದ್ದನ್ನು ಓದಿ ನೋಡುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ. ಗಟ್ಟಿಯಾಗಿ ಶುರು ಮಾಡಿದೆ. "ನನ್ನ ವಯಸ್ಸು 47. ಅವಿವಾಹಿತ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಬಾಯಿಗೆ ಬ್ರೇಕ್ ಹಾಕಲು ಆಗಲಿಲ್ಲ. "ತಾಲೂಕು ಮಟ್ಟದ 800 ಮೀಟರ್ ಓಟದಲ್ಲಿ ದ್ವಿತೀಯ ಸ್ಥಾನ. ಭಾರತೀಯ ನೌಕಾಪಡೆ ಸೇರುವುದು ನನ್ನ ಗುರಿ."

ಕಂಡಕ್ಟರ್ ನನ್ನ ಹೊಟ್ಟೆ ನೋಡಿದ. ನಾನೂ ನೋಡಿಕೊಂಡೆ.

ಮೇಡಂ ನಗಲಿಲ್ಲ. ಹತ್ತಿರ ಬಂದು ಹಾಳೆ ತಗೊಂಡು ದೌರ್ಬಲ್ಯದ ಸಾಲಿನ ಮೇಲೆ ಬೆರಳಿಟ್ಟರು. "ಅಣ್ಣಾ, ಈ ನಿದ್ದೆ ಬರದೇ ಇರೋದು ನನ್ನ ಬಯೋಡೇಟಾದಲ್ಲೂ ಇತ್ತು. ನೀವೇ ಮಾಡಿಕೊಟ್ಟಿದ್ದು. ಇಂಟರ್‌ವ್ಯೂನಲ್ಲಿ ಅದೊಂದೇ ಸಾಲು ಹಿಡಿದು ಕಾಲು ಗಂಟೆ ಬೆವರಿಳಿಸಿದ್ರು ನಂಗೆ." ಆಮೇಲೆ ಒಂದು ವಾರ ಟೈಮ್ ಕೊಟ್ಟರು. "ಈ ಸಲ ನಿಮ್ಮದೇ ಬರೀರಿ."

ಊಟದ ಹೊತ್ತಿಗೆ ಮುಖ ತಪ್ಪಿಸಿಕೊಂಡು ಟ್ಯಾಗೋರ್ ಬೀಚಿಗೆ ಹೋದೆ. ಇಪ್ಪತ್ತರ ಆಸುಪಾಸಿನ ರವೀಂದ್ರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು, ಈ ಕಡಲು ನೋಡಿ ಒಂದು ನಾಟಕ ಬರೆದರು. ಅಣ್ಣ ಐಸಿಎಸ್ ಪಾಸಾದ ಮೊದಲ ಭಾರತೀಯ. ತಮ್ಮ ಲಂಡನ್ನಿಗೆ ಓದಲು ಹೋಗಿ ಡಿಗ್ರಿ ಇಲ್ಲದೆ ವಾಪಸ್ ಬಂದವರು. ಆ ವಿಷಯದಲ್ಲಿ ನಾವಿಬ್ಬರೂ ಸಮ ಅಂತ ಸ್ವಲ್ಪ ಹೊತ್ತು ಸಮಾಧಾನ ಮಾಡಿಕೊಂಡೆ. ಮಳೆ ಬಂತು, ಎದ್ದೆ.

ಮನೆಯಲ್ಲಿ ಹೆಂಡತಿ ಒದ್ದೆ ಚೀಲದಿಂದ ಹಾಳೆ ತೆಗೆದು ಒಣ ಹಾಕಿದಳು. ಒಣ ಹಾಕುವಾಗ ಓದಿದಳು. "ಅವಿವಾಹಿತ ಅಂತ ಬರ್ಕೊಂಡು ಕಾರವಾರಕ್ಕೆ ಹೋಗಿದ್ರಾ?" ಕರೆಂಟ್, ಯುಪಿಎಸ್ ಎಲ್ಲ ವಿವರಿಸಿದೆ. ಯುಪಿಎಸ್ ಮೇಲೆ ಇಷ್ಟು ದೊಡ್ಡ ಆರೋಪ ಯಾರೂ ಹೊರಿಸಿರಲಿಕ್ಕಿಲ್ಲ.

ಆ ವಾರ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ ಒಂದೊಂದು ಸಾಲು ಬರೆದೆ. ಯಾವ ಡಾಕ್ಟರ ಅಕ್ಷರವನ್ನಾದರೂ ಓದುತ್ತೇನೆ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಎರಡೆರಡು ಹಾಳೆ ಅಂಟಿಕೊಂಡು ಮಷಿನ್ ಒಳಗೆ ಸಿಕ್ಕಿಬೀಳುತ್ತವೆ. ಹರಿಯದೆ ಎಳೆಯಲು ಬರುತ್ತದೆ: ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕಾಗದ ಹೋಗುವ ದಿಕ್ಕಿಗೇ ಎಳೆಯಬೇಕು. ಕಾಗದದ ಕಪಾಟಿನಲ್ಲಿ ನಲವತ್ತು ವ್ಯಾಟಿನ ಬಲ್ಬ್ ಉರಿಸಿಡುತ್ತೇನೆ. ಹಾಲ್ ಟಿಕೆಟ್ ಮರೆತು ಅಳುತ್ತ ಬಂದ ಹುಡುಗಿಗೆ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದಿದ್ದೇನೆ. ಸಾಧನೆ ಅಂತ ಇದನ್ನೆಲ್ಲ ಹಾಕಬಹುದಾ ಗೊತ್ತಿಲ್ಲ, ಹಾಕಿದೆ. ಗುರಿಯ ಜಾಗದಲ್ಲಿ 'ಪಟ್ಟಿಯಲ್ಲಿ ಪದವಿ ಅಂತ ಒತ್ತುವುದು' ಅಂತ ಬರೆದೆ. ಇಪ್ಪತ್ತಕ್ಕೆ ಹದಿಮೂರು ಬಂತು. ಏಳು ಎಲ್ಲಿ ಹೋಯಿತು ಅಂತ ಕೇಳುವ ಧೈರ್ಯ ಆಗಲಿಲ್ಲ.

ಮೊನ್ನೆ ಆ ನೌಕಾಪಡೆಯ ಹುಡುಗ ಅಂಗಡಿಗೆ ಬಂದ. ಎರಡು ವಾರದ ಹಿಂದೆ ಬಂದು ಬಯೋಡೇಟಾದ ಇನ್ನೊಂದು ಪ್ರಿಂಟ್ ಕೇಳಿದ್ದ. ಅದೇ ಫೈಲು ತೆರೆದು, ಅಲ್ಲಿದ್ದ ನನ್ನ ಹೆಸರು ತೆಗೆದು ಅವನ ಹೆಸರು ಹಾಕಿ ಕೊಟ್ಟಿದ್ದೆ. ಹೆಸರು ಮಾತ್ರ.

"ಎಂತಾಯ್ತು ತಮಾ, ಇಂಟರ್‌ವ್ಯೂ?" ಅಂದೆ.

ಅವನು ಹಾಳೆಯನ್ನು ಗಾಜಿನ ಮೇಲಿಟ್ಟು, ವಯಸ್ಸಿನ ಸಾಲಿಗೆ ಬೆರಳು ತೋರಿಸಿದ.

"ಕೆಲಸಕ್ಕೆ ಬಂದಿದ್ದಾ, ಪಿಂಚಣಿಗೆ ಬಂದಿದ್ದಾ ಅಂತ ಕೇಳಿದ್ರು ಅಣ್ಣಾ."