ಬೀಚ್‌ನಿಂದ ಎದ್ದು ಬಂದು ಕಪ್ ಗೆದ್ದವರಲ್ಲ

ನಿನ್ನೆ ರಾತ್ರಿ ಒಂದು ಫುಟ್‌ಬಾಲ್ ಚರ್ಚೆ ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ. 1992ರ ಯೂರೋ ಕಪ್ ಮಾತು ಬಂತು, ಮತ್ತೆ ಅದೇ ಹಳೇ ಕಥೆ. ಡೆನ್ಮಾರ್ಕ್ ಆಟಗಾರರು ಬೀಚ್‌ನಲ್ಲಿ ಬಿಸಿಲು ಕಾಯಿಸುತ್ತಾ ಮಲಗಿದ್ದರಂತೆ. ಕೊನೇ ಗಳಿಗೆಯಲ್ಲಿ ಟೂರ್ನಿಗೆ ಬನ್ನಿ ಅಂತ ಫೋನ್ ಬಂತಂತೆ. ಬ್ಯಾಗ್ ಹೆಗಲಿಗೇರಿಸಿ ಹೋದವರು ಕಪ್ ಹಿಡಿದು ವಾಪಸ್ ಬಂದರಂತೆ. ಕೂತಿದ್ದ ನಾಲ್ವರೂ ನಕ್ಕರು. ಅಷ್ಟೊತ್ತಿನ ಮಾತಿನಲ್ಲಿ ಆ ತಂಡದ ಕೋಚ್ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ರಿಚರ್ಡ್ ಮೋಲರ್ ನೀಲ್ಸನ್. ನನ್ನ ಭಾನುವಾರದ ಬೆಳಗು ಮೈದಾನದಲ್ಲಿ, ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಾ ಕಳೆಯುತ್ತೆ ಅಂತ ಗೊತ್ತಿರುವವರಿಗೆ ನನಗೆ ಈ ಹೆಸರು ಯಾಕೆ ಇಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ.

1937ರಲ್ಲಿ ಹುಟ್ಟಿದವರು. ಒಡೆನ್ಸ ಊರಿನ ಓಬಿ ಕ್ಲಬ್‌ನ ಆಟಗಾರ. ಡೆನ್ಮಾರ್ಕ್ ಪರ ಎರಡೇ ಎರಡು ಪಂದ್ಯ ಆಡಿದರು. ಗಾಯ ಆಟವನ್ನು ಬೇಗನೆ ಮುಗಿಸಿತು. ಕೋಚ್ ಆಗಿ ಅದೇ ಓಬಿಗೆ 1977 ಮತ್ತು 1982ರಲ್ಲಿ ಲೀಗ್ ಗೆದ್ದುಕೊಟ್ಟರು. ನನಗೆ ಮುಖ್ಯ ಅದಲ್ಲ. 1978ರಿಂದ 1989ರವರೆಗೆ ಅವರು ಡೆನ್ಮಾರ್ಕ್‌ನ 21ರ ಒಳಗಿನವರ ತಂಡದ ಕೋಚ್ ಆಗಿದ್ದರು. ಹನ್ನೊಂದು ವರ್ಷ! ಆ ವಯಸ್ಸಿನ ಹುಡುಗರ ಕೆಲಸ ಏನು ಅಂತ ಮಾಡಿದವರಿಗೆ ಗೊತ್ತು. ಹುಡುಗ ಎಡವಿದರೆ ಬೈಗುಳ ಕೋಚ್‌ಗೆ. ಹುಡುಗ ಅರಳಿದ ದಿನ ದೊಡ್ಡ ತಂಡ ಕರೆದುಕೊಂಡು ಹೋಗುತ್ತೆ. ಆಮೇಲೆ ಫೋಟೋದಲ್ಲಿ ಬೇರೆ ಕೋಚ್ ನಿಂತಿರುತ್ತಾರೆ.

1990ರಲ್ಲಿ ದೊಡ್ಡ ತಂಡದ ಕೋಚ್ ಸೆಪ್ ಪಿಯೊಂಟೆಕ್ ಬಿಟ್ಟುಹೋದರು. ಆಗಲೂ ಫುಟ್‌ಬಾಲ್ ಸಂಘದ ಕಣ್ಣು ಮೊದಲು ಹೋಗಿದ್ದು ಜರ್ಮನಿಯ ಹೋರ್ಸ್ಟ್ ವೋಲರ್ಸ್ ಕಡೆಗೆ. ಅವರ ಕ್ಲಬ್ ಬಿಡಲ್ಲ ಅಂದಿತು. ಆಮೇಲೆ ನೆನಪಾಗಿದ್ದು ನೀಲ್ಸನ್. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಡೆನ್ಮಾರ್ಕ್‌ಗೂ ಸಲ್ಲುತ್ತೆ ನೋಡಿ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಹನ್ನೊಂದು ವರ್ಷ ದೇಶದ ಹುಡುಗರನ್ನು ಬೆಳೆಸಿದವರು ಮೊದಲ ಆಯ್ಕೆ ಆಗಲಿಲ್ಲ!

ಶುರುವೂ ಕಷ್ಟದ್ದೇ. ಯೂರೋ ಅರ್ಹತಾ ಪಂದ್ಯದಲ್ಲಿ, ಕೋಪನ್‌ಹೇಗನ್‌ನಲ್ಲಿ ಯುಗೊಸ್ಲಾವಿಯ ಎದುರು 0–2 ಸೋಲು. ಮೈಕಲ್ ಲೌಡ್ರುಪ್, ಬ್ರಯನ್ ಲೌಡ್ರುಪ್ ಅಣ್ಣ ತಮ್ಮ ಇಬ್ಬರೂ ತಂಡ ಬಿಟ್ಟರು. ಇವರ ಆಟ ರಕ್ಷಣೆಯದ್ದು, ಬೇಸರದ್ದು ಅನ್ನೋ ಟೀಕೆ ಬೇರೆ. ಇವರು ಇದ್ದ ಹುಡುಗರನ್ನೇ ಇಟ್ಟುಕೊಂಡು ಮುಂದೆ ಹೋದರು. 1991ರ ಮೇ 1ರಂದು ಬೆಲ್‌ಗ್ರೇಡ್‌ಗೇ ಹೋಗಿ ಅದೇ ಯುಗೊಸ್ಲಾವಿಯವನ್ನು 2–1ರಲ್ಲಿ ಸೋಲಿಸಿದರು. ಎರಡೂ ಗೋಲು ಬೆಂಟ್ ಕ್ರಿಸ್ಟೆನ್ಸನ್ ಅವರದ್ದು. ಗುಂಪಿನ ಲೆಕ್ಕ ಮುಗಿದಾಗ ಯುಗೊಸ್ಲಾವಿಯ 14 ಅಂಕ, ಡೆನ್ಮಾರ್ಕ್ 13. ಒಂದೇ ಒಂದು ಅಂಕ ಕಡಿಮೆ. ಯೂರೋಗೆ ಹೋಗುವ ಜಾಗ ಯುಗೊಸ್ಲಾವಿಯದ್ದಾಯಿತು. ಇದು ಬೀಚ್‌ನಲ್ಲಿ ಮಲಗಿದ್ದ ತಂಡವಾ?

ಯುದ್ಧದ ಕಾರಣಕ್ಕೆ ವಿಶ್ವಸಂಸ್ಥೆ 1992ರ ಮೇ 30ರಂದು ಯುಗೊಸ್ಲಾವಿಯದ ಮೇಲೆ ನಿರ್ಬಂಧ ಹಾಕಿತು. ಆ ಜಾಗ ಡೆನ್ಮಾರ್ಕ್‌ಗೆ ಬಂತು. ನೀಲ್ಸನ್ ಆಗ ಮನೆಯ ಅಡುಗೆಮನೆ ಹೊಸದು ಮಾಡಿಸುವ ಯೋಚನೆಯಲ್ಲಿದ್ದರು, ಅದು ನಿಜ. ಆದರೆ ಜೂನ್ 3ಕ್ಕೆ ಹಳೇ ಸೋವಿಯತ್ ಆಟಗಾರರ ಸಿಐಎಸ್ ತಂಡದ ಜೊತೆ ಡೆನ್ಮಾರ್ಕ್‌ಗೆ ಸ್ನೇಹ ಪಂದ್ಯ ಮೊದಲೇ ನಿಗದಿಯಾಗಿತ್ತು. ಅದನ್ನು ಆಡಿಯೇ ಸ್ವೀಡನ್‌ಗೆ ಹೋದರು. ಇದನ್ನು ಯಾಕೆ ಯಾರೂ ಹೇಳಲ್ಲ? ಬೀಚ್ ಕಥೆಗೆ ರುಚಿ ಜಾಸ್ತಿ, ಅಷ್ಟೇ.

ಈಗ ಒಬ್ಬರು ಬರುತ್ತಾರೆ, ನನಗೆ ಗೊತ್ತು. "ಅವರು ಬರೀ ಗೋಲ್‌ಕೀಪರ್‌ಗೆ ಬ್ಯಾಕ್‌ಪಾಸ್ ಕೊಟ್ಟು ಕೊಟ್ಟು ಗೆದ್ದರು, ಅದಕ್ಕೇ ನಿಯಮ ಬದಲಾಯಿತು" ಅಂತಾರೆ. ತನ್ನ ತಂಡದವರೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಆಗ ಕೈಯಲ್ಲಿ ಹಿಡಿಯಬಹುದಿತ್ತು. ಡೆನ್ಮಾರ್ಕ್ ಗೋಲ್‌ಕೀಪರ್ ಷ್ಮೈಕೆಲ್ ಕೈಗೆ ಚೆಂಡು ಬೇಕಾದಷ್ಟು ಸಲ ಹೋಯಿತು, ಒಪ್ಪೋಣ. ಆ ನಿಯಮ ಅವತ್ತು ಆಡಿದ ಎಂಟೂ ತಂಡಗಳಿಗೆ ಒಂದೇ ಇತ್ತಲ್ವಾ? ಜರ್ಮನಿಯೂ ಹಾಗೇ ಆಡುವುದನ್ನು ಯಾರಾದರೂ ತಡೆದಿದ್ದರಾ? ಇನ್ನು ಅದೃಷ್ಟದ ಮಾತು. ಇಂಗ್ಲೆಂಡ್ ಎದುರು 0–0, ಸ್ವೀಡನ್ ಎದುರು ಸೋಲು. ಫ್ರಾನ್ಸ್ ಎದುರು ಗೆಲ್ಲಲೇಬೇಕಿತ್ತು. ನೀಲ್ಸನ್ ಬದಲಿಯಾಗಿ ಇಳಿಸಿದ ಲಾರ್ಸ್ ಎಲ್‌ಸ್ಟ್ರುಪ್ ಗೆಲುವಿನ ಗೋಲು ಹೊಡೆದರು. ಕೂರಿಸಿದ್ದವನನ್ನು ಸರಿಯಾದ ಹೊತ್ತಿಗೆ ಎಬ್ಬಿಸುವುದಕ್ಕೆ ಅದೃಷ್ಟ ಅನ್ನಬಾರದು. ಸೆಮಿಫೈನಲ್‌ನಲ್ಲಿ ಹಾಲೆಂಡ್ ಜೊತೆ 2–2, ಆಮೇಲೆ ಪೆನಾಲ್ಟಿ. ವಾನ್ ಬಾಸ್ಟನ್ ಹೊಡೆತವನ್ನು ಷ್ಮೈಕೆಲ್ ತಡೆದರು. ಡೆನ್ಮಾರ್ಕ್‌ನ ಐವರೂ ತಪ್ಪಲಿಲ್ಲ. ಐವರೂ!

ಆ ತಂಡದ ಆಟಗಾರ ಕಿಮ್ ವಿಲ್ಫೋರ್ಟ್ ವಿಷಯ ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತೆ. ಅವರ ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಟೂರ್ನಿ ನಡುವೆ ಮಗುವಿನ ಹತ್ತಿರ ಮನೆಗೆ ಹೋದರು. ಫ್ರಾನ್ಸ್ ಪಂದ್ಯಕ್ಕೆ ಇರಲಿಲ್ಲ. ಮತ್ತೆ ಬಂದರು, ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಹಾಕಿದರು. ಜೂನ್ 26ರಂದು ಗೋಥೆನ್‌ಬರ್ಗ್‌ನಲ್ಲಿ ಫೈನಲ್. ಜಾನ್ ಯೆನ್ಸನ್ ಮೊದಲ ಗೋಲು ಹೊಡೆದರು. 78ನೇ ನಿಮಿಷದಲ್ಲಿ ಎರಡನೆಯದು ವಿಲ್ಫೋರ್ಟ್. ಜರ್ಮನಿ 0–2ರಲ್ಲಿ ಸೋತಿತು. ಕೆಲವೇ ವಾರಗಳಲ್ಲಿ ಆ ಮಗು ಹೋಯಿತು. ಆ ಗೋಲಿನ ಹಿಂದೆ ಎಂಥಾ ದಿನಗಳಿದ್ದವು ಅಂತ ಗೊತ್ತಿದ್ದೂ ಇದನ್ನು "ಮೋಜಿನ ಕಥೆ" ಮಾಡಿ ನಗುವವರನ್ನು ನನಗೆ ಸಹಿಸೋಕೆ ಆಗಲ್ಲ. ಮನೆಗೆ ಹೋಗಬೇಕಾದವನನ್ನು ಹೋಗಲು ಬಿಟ್ಟು, ಬಂದಾಗ ಅವನ ಜಾಗವನ್ನು ಅವನಿಗೇ ಕೊಟ್ಟ ತಂಡ ಅದು. ವರ್ಷಗಟ್ಟಲೆ ಎಳೆಯ ಹುಡುಗರ ಜೊತೆ ಕೆಲಸ ಮಾಡಿದವರಿಗೆ ಆಟಗಾರನಿಗಿಂತ ಮೊದಲು ಮನುಷ್ಯ ಕಾಣುತ್ತಾನೆ ಅನ್ನೋದು ನನ್ನ ನಂಬಿಕೆ. ಇದನ್ನು ಯಾರು ಏನೇ ಅಂದರೂ ಬಿಟ್ಟುಕೊಡಲ್ಲ.

ನಮ್ಮ ಮೈದಾನಕ್ಕೆ ಬರುವ ಕೆಲವು ಅಪ್ಪ ಅಮ್ಮಂದಿರು ಮೂರನೇ ವಾರಕ್ಕೇ "ಸರ್, ಇವನನ್ನು ಯಾವಾಗ ಆಡಿಸ್ತೀರಾ? ಕಪ್ ಯಾವಾಗ?" ಅಂತ ಕೇಳುತ್ತಾರೆ. ಅವರ ಮೇಲೆ ನನಗೆ ಕೋಪ ಇಲ್ಲ. ಟಿವಿಯಲ್ಲಿ ಕೂತು ಫುಟ್‌ಬಾಲ್ ಬಲ್ಲೆವು ಅನ್ನುವವರೇ ಹತ್ತು ದಿನದಲ್ಲಿ ಕಪ್ ಬರುತ್ತೆ ಅಂತ ಹೇಳಿಕೊಟ್ಟರೆ ಅವರಾದರೂ ಇನ್ನೇನು ಕೇಳಿಯಾರು?

1994ರ ವಿಶ್ವಕಪ್‌ಗೆ ಡೆನ್ಮಾರ್ಕ್ ಹೋಗಲಿಲ್ಲ. ಐರ್ಲೆಂಡ್ ಜೊತೆ ಅಂಕವೂ ಸಮ, ಗೋಲು ವ್ಯತ್ಯಾಸವೂ ಸಮ. ಹೊಡೆದ ಗೋಲು ಐರ್ಲೆಂಡ್‌ದು ಜಾಸ್ತಿ ಇತ್ತು. ಇದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡು "ನೋಡಿ, 92 ಸುಮ್ನೆ ಆಗಿದ್ದು" ಅಂತಾರೆ. ಹಾಗಾದರೆ 1995ರ ಜನವರಿಯಲ್ಲಿ ರಿಯಾದ್‌ನಲ್ಲಿ ನಡೆದ ಕಿಂಗ್ ಫಹದ್ ಕಪ್ (ಬೇರೆ ಬೇರೆ ಖಂಡಗಳ ಚಾಂಪಿಯನ್ ತಂಡಗಳ ಟೂರ್ನಿ) ಫೈನಲ್ ಬಗ್ಗೆಯೂ ಹೇಳಿ. ಎದುರಿಗೆ ಅರ್ಜೆಂಟೀನಾ. ಡೆನ್ಮಾರ್ಕ್ 2–0ರಲ್ಲಿ ಗೆದ್ದಿತು. ಕೋಚ್ ಇದೇ ನೀಲ್ಸನ್. ಮೊದಲ ಗೋಲು ಹೊಡೆದವರು ಮೈಕಲ್ ಲೌಡ್ರುಪ್. 1990ರಲ್ಲಿ ಇದೇ ಕೋಚ್‌ನ ತಂಡವನ್ನು ಬಿಟ್ಟುಹೋಗಿದ್ದರಲ್ಲ, ಅದೇ ಲೌಡ್ರುಪ್.